ಕೆಂಚ ಬಾಯಿ ಹಾಕಲಿಲ್ಲ

ನಮ್ಮ ಕಡೆ ಎದುರಿಗೆ ಸಿಕ್ಕಿದವರನ್ನು ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ. 'ಊಟ ಆಯ್ತಾ?' ಎನ್ನುತ್ತಾರೆ. ಇದಕ್ಕೆ ಇರುವ ಉತ್ತರವೂ ಒಂದೇ, 'ಆಯ್ತು'. ಇಲ್ಲ ಎಂದುಬಿಟ್ಟರೆ ಅವರು ಮನೆಗೆ ಕರೆಯಬೇಕು, ನಾವು ಬೇಡ ಎನ್ನಬೇಕು, ಅವರು ಒತ್ತಾಯ ಮಾಡಬೇಕು, ಅಷ್ಟರಲ್ಲಿ ಇಬ್ಬರಿಗೂ ಬಸ್ಸು ತಪ್ಪಿರುತ್ತದೆ. ಹಾಗಾಗಿ ಹೊಸನಗರದ ಬಸ್ ಸ್ಟ್ಯಾಂಡಿನಿಂದ ನನ್ನ ಬಾಡಿಗೆ ಮನೆಯವರೆಗೆ ದಿನಾ ಸಂಜೆ ನಾನು 'ಆಯ್ತು, ಆಯ್ತು' ಎನ್ನುತ್ತಲೇ ನಡೆಯುತ್ತೇನೆ. ನಮ್ಮವರು ತೀರಿಕೊಂಡ ಮೇಲೆ ಅದರಲ್ಲಿ ನಿಜ ಎಷ್ಟು ಎಂದು ಮಾತ್ರ ಕೇಳಬೇಡಿ. ಅಡುಗೆ ಕಟ್ಟೆಗೆ ಒರಗಿ ನಿಂತು ಕುಕ್ಕರಿನಿಂದಲೇ ಎರಡು ಸೌಟು ಅನ್ನ ಬಟ್ಟಲಿಗೆ ಹಾಕಿಕೊಂಡು, ಮೇಲೆ ಮಜ್ಜಿಗೆ ಹುಯ್ದುಕೊಂಡರೆ ಅದು ಊಟ. ಬೇಸರ ಬಂದ ದಿನ ಚಹಾಕ್ಕೆ ಅದ್ದಿದ ಬನ್ನು. ಸೋಮಾರಿತನ ಎಂದುಕೊಳ್ಳಬೇಡಿ. ಮದುವೆಯಾದಾಗಿನಿಂದ ನಾನು ಅವರಿಗೆ ಬಡಿಸಿ ಆಮೇಲೆ ಉಂಡವಳು. 'ನೀನೂ ಕೂತ್ಕೊಳೆ' ಎನ್ನುತ್ತಿದ್ದರು. 'ನಿಮ್ಮದಾಗ್ಲಿ, ಆಮೇಲೆ' ಎನ್ನುತ್ತಿದ್ದೆ. ಮುಂಚೆ ಉಣ್ಣುವವರೇ ಇಲ್ಲದ ಮನೆಯಲ್ಲಿ ಆಮೇಲೆ ಉಣ್ಣುವುದು ಹೇಗೆ ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಗುಟ್ಟು ಹೊರಬಿದ್ದದ್ದು ಗೀತಾಳಿಂದ. ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಅವಳದು. ಕೋಣಂದೂರಿನ ತುಂಬಿದ ಮನೆಯ ಸೊಸೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಒಂದು ಮಧ್ಯಾಹ್ನ ಉಪ್ಪಿನಕಾಯಿ ಹಾಕಲು ಬಂದವಳು ನನ್ನ ಡಬ್ಬಿ ಇಣುಕಿ ನೋಡಿದಳು.

"ಇದೆಂತ ಅಕ್ಕಾ, ಡಬ್ಬಿಗೆ ಬಿಸ್ಕೆಟ್ ಹಾಕ್ಕೊಂಡ್ ಬಂದೀರಾ?"

"ಇವತ್ತು ಉಪವಾಸ ಮಾರಾಯ್ತಿ."

"ಬುಧವಾರ ಯಾವ ದೇವ್ರಿಗೆ?"

ನನಗೆ ಆ ಕ್ಷಣಕ್ಕೆ ಯಾವ ದೇವರೂ ನೆನಪಾಗಲಿಲ್ಲ. ಮುಂದಿನ ಸೋಮವಾರ ಅವಳು ಬಟ್ಟೆ ಚೀಲವೊಂದನ್ನು ತಂದು ನನ್ನ ಕಾಲ ಬುಡದಲ್ಲಿಟ್ಟಳು. ಚೀಲ ಅಲ್ಲಾಡಿತು. ಒಳಗಿಂದ ಒಂದು ಕಂದು ಮೂತಿ ಹೊರಬಂದು, ನನ್ನ ಸೀರೆಯ ಅಂಚನ್ನು ಮೂಸಿ, ಸೀನಿತು. "ನಮ್ಮನೆ ನಾಯಿ ಮರಿ ಹಾಕಿದೆ. ಇದು ನಿಮಗೆ. ಬೇಡ ಅನ್ಬೇಡಿ, ವಾಪಸ್ ಹೊತ್ಕೊಂಡ್ ಹೋಗೋಕೆ ಕಂಡಕ್ಟರ್ ಬಿಡಲ್ಲ" ಎಂದಳು. ನಾನು ಅದುವರೆಗೆ ನಾಯಿ ಮುಟ್ಟಿದವಳೇ ಅಲ್ಲ. ಸಂಜೆ ಅದನ್ನು ಚೀಲದ ಸಮೇತ ಎದೆಗೆ ಅವಚಿಕೊಂಡು ಬರುವಾಗ, ನನ್ನ ನಡುಕ ಅದಕ್ಕೆ ತಿಳಿಯಿತೋ ಅದರ ನಡುಕ ನನಗೆ ತಿಳಿಯಿತೋ ಗೊತ್ತಾಗಲಿಲ್ಲ. ಕೆಂಚಗಿದ್ದದ್ದರಿಂದ ಕೆಂಚ ಎಂದೆ. ಹೆಸರನ್ನು ಅದು ಒಪ್ಪಿತು. ಊಟ ಒಪ್ಪಲಿಲ್ಲ.

ಹಾಲು ಅನ್ನ ಕಲಸಿಟ್ಟೆ, ಮೂಸಿ ಹಿಂದೆ ಸರಿಯಿತು. ಅಂಗಡಿಯಿಂದ ನಾಯಿ ತಿಂಡಿ ತಂದೆ, ಅದರಲ್ಲಿ ಒಂದು ಉಂಡೆಯನ್ನು ಉರುಳಿಸಿ ಆಡಿತೇ ಹೊರತು ತಿನ್ನಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಟೀ ಶರ್ಟು ಹಾಕಿದ ಒಬ್ಬ ಮನುಷ್ಯ, ಮರಿಗೆ ಮುಖ್ಯವಾಗಿ ಎರಡು ವಿದ್ಯೆ ಕಲಿಸಬೇಕು, ಕೂರು ಎಂದರೆ ಕೂರುವುದು, ಕರೆದರೆ ಬರುವುದು ಎಂದ. ಊಟವಿಟ್ಟು ನೀವು ಅಲ್ಲಿಂದ ಹೋಗಿಬಿಡಿ, ಅದಕ್ಕೂ ನಾಚಿಕೆ ಇರುತ್ತದೆ ಎಂದೂ ಹೇಳಿದ. ಅವನ ಮಾತು ಕೇಳಿ ನಡುಮನೆಗೆ ಹೋಗಿ ಗೋಡೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಕೆಂಚ ನನ್ನ ಬೆನ್ನ ಹಿಂದೆ ಕೂತು ಅದೇ ಗೋಡೆ ನೋಡುತ್ತಿದೆ. ಗೋಡೆಯಲ್ಲಿ ಕ್ಯಾಲೆಂಡರ್ ಬಿಟ್ಟು ಏನೂ ಇರಲಿಲ್ಲ. "ಉಣ್ಣೋ ಮಾರಾಯಾ, ನಿಂದು ಆದ್ಮೇಲೆ ನಾನು ಉಣ್ತೀನಿ" ಎಂದು ಗೋಗರೆದೆ. ಅದು ನನ್ನ ಮುಖ ನೋಡಿತು, ಅಡುಗೆಮನೆ ಬಾಗಿಲು ನೋಡಿತು, ಮತ್ತೆ ನನ್ನ ಮುಖ ನೋಡಿತು. ಆ ದಿನ ನಾನೂ ಉಣ್ಣಲಿಲ್ಲ.

ಮಾರನೆಯ ದಿನ ರಜೆ ಹಾಕಿ ಪಶು ಆಸ್ಪತ್ರೆಗೆ ಹೊತ್ತೊಯ್ದೆ. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. "ರೋಗ ಏನೂ ಇಲ್ಲಮ್ಮ. ಆದ್ರೆ ಇಷ್ಟು ಸಣ್ಣ ಮರಿ ಹೊಟ್ಟೆ ಖಾಲಿ ಬಿಟ್ರೆ ಉಳಿಯಲ್ಲ. ಇವತ್ತೂ ತಿನ್ನದಿದ್ರೆ ತಾಯಿ ಹತ್ರ ಬಿಟ್ಬಿಡಿ" ಎಂದರು. ಬರುವಾಗ ಚೀಲ ಹಗುರಾಗಿದೆ ಅನ್ನಿಸಿತು. ಹಗುರಾದದ್ದಕ್ಕೇ ಕೈ ಸೋತು ಬಂತು. ಗೇಟಿನಲ್ಲಿ ಪಕ್ಕದ ಮನೆ ನಾಗರತ್ನಕ್ಕ ನಿಂತಿದ್ದರು.

"ಊಟ ಆಯ್ತಾ?"

"ಆಯ್ತು."

"ಮರೀದು?"

"ಅದ್ರದ್ದೂ ಆಯ್ತು."

ನಾಯಿಯ ಪರವಾಗಿಯೂ ಸುಳ್ಳು ಹೇಳುವ ಮಟ್ಟಕ್ಕೆ ಬಂದಮೇಲೆ ಇನ್ನು ಇಟ್ಟುಕೊಳ್ಳಬಾರದು ಎಂದು ಗೀತಾಳ ಮನೆಗೆ ಫೋನು ಮಾಡಿದೆ. ಎತ್ತಿದ್ದು ಅವಳ ಅತ್ತೆ. ಮರಿಯನ್ನು ವಾಪಸು ತರುತ್ತೇನೆ ಎಂದೆ. ಅವರು ಕಾರಣ ಕೇಳಿಕೊಂಡು, "ನೀವು ಉಂಡಾದ್ಮೇಲೆ ಹಾಕಿದ್ರೋ, ಮೊದ್ಲೇ ಹಾಕಿದ್ರೋ?" ಎಂದರು.

"ಮೊದ್ಲು ಅದಕ್ಕೇ ಹಾಕಿದೆ ಅಮ್ಮಾ. ಹಸಿದಿರ್ತದಲ್ಲ."

"ಅಯ್ಯೋ, ಮತ್ತೆ ಹ್ಯಾಗೆ ಮುಟ್ತದೆ? ನಮ್ಮನೇಲಿ ಎಲ್ರೂ ಉಂಡೆದ್ದು ಕೈ ತೊಳೆದ್ಮೇಲೇ ನಾಯಿಗೆ ಅನ್ನ. ಮುಂಚೆ ಬಾಯಿ ಹಾಕಿದ್ರೆ ಅದ್ರಮ್ಮನೇ ಗುರ್ ಅಂತದೆ. ನೀವು ಕೂತು ಉಣ್ಣಿ. ತಟ್ಟೆ ಸದ್ದಾಗ್ಲಿ. ಆಮೇಲೆ ಉಳಿದದ್ದು ಕಲಸಿ ಹಾಕಿ." ಇಷ್ಟು ಹೇಳಿ, ಫೋನು ಇಡುವ ಮುಂಚೆ, ಸ್ವಲ್ಪ ಮೆತ್ತಗೆ ಕೇಳಿದರು, "ಕೂತು ಉಣ್ತೀರಲ್ವಾ?"

"ಹ್ಞೂಂ" ಎಂದೆ. ಫೋನಿಟ್ಟು ಕೆಂಚನನ್ನು ನೋಡಿದೆ. ಇಬ್ಬರೇ ಇರುವ ಮನೆಯಲ್ಲಿ ಇಬ್ಬರೂ ಆಮೇಲಿನವರು. ಅದು ನನಗೆ ಕಾಯುತ್ತಿದೆ, ನಾನು ಅದಕ್ಕೆ ಕಾಯುತ್ತಿದ್ದೇನೆ. ಹೀಗೇ ಮರ್ಯಾದೆ ಮಾಡಿಕೊಳ್ಳುತ್ತಾ ಇಬ್ಬರೂ ಉಪವಾಸ ಸಾಯುತ್ತಿದ್ದೆವು.

ಅನ್ನಕ್ಕಿಟ್ಟೆ. ತುಂಬಾ ದಿನದ ಮೇಲೆ ಸಾರಿಗೆ ಒಗ್ಗರಣೆ ಬಿತ್ತು. ಸ್ಟ್ಯಾಂಡಿನಿಂದ ತಟ್ಟೆ ತೆಗೆಯುವಾಗ ಕೈ ಅಭ್ಯಾಸಬಲದಿಂದ ನಮ್ಮವರ ದೊಡ್ಡ ತಟ್ಟೆಗೆ ಹೋಯಿತು. ಅದನ್ನು ಬಿಟ್ಟು ನನ್ನದನ್ನು ತೆಗೆದುಕೊಂಡು ಮಣೆ ಹಾಕಿ ಕೂತೆ. ಕೆಂಚ ಬಾಗಿಲಲ್ಲಿ ಬಂದು ಕೂತಿತು. ಒಬ್ಬರೇ ಉಣ್ಣುವಾಗ ಹಪ್ಪಳ ಮುರಿದ ಸದ್ದು ಇಡೀ ಮನೆಗೆ ಕೇಳುತ್ತದೆ, ಅದೇ ಕಷ್ಟ. ನಾನು ಒಂದು ತುತ್ತು ನುಂಗಿದರೆ ಅದರ ಗಂಟಲೂ ಆಡುತ್ತಿತ್ತು. ಎರಡೇ ತುತ್ತಿಗೆ ಏಳೋಣ ಎಂದು ನೋಡಿದೆ. ಅದು ಕದಲಲಿಲ್ಲ. ಸರಿ, ಸಾರನ್ನ ಮುಗಿಸಿ, ಮಜ್ಜಿಗೆ ಅನ್ನವನ್ನೂ ಉಂಡು, ಎದ್ದು ಕೈ ತೊಳೆದೆ. ಉಳಿದ ಅನ್ನಕ್ಕೆ ಹಾಲು ಕಲಸಿ ಮುಂದಿಟ್ಟೆ. ಕೆಂಚ ಮೂತಿ ಹಾಕಿದ್ದೇ ತಡ, ಬಟ್ಟಲು ನೆಲದ ಮೇಲೆ ಜಾರುತ್ತಾ ಜಾರುತ್ತಾ ಹಿತ್ತಿಲ ಬಾಗಿಲವರೆಗೆ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸಾರಿಗೆ ಖಾರ ಜಾಸ್ತಿಯಾಗಿತ್ತು ಎಂದು ಗೀತಾಳಿಗೆ ಹೇಳಿದ್ದೇನೆ. ಗಡಿಬಿಡಿಯಲ್ಲಿ ಸಾರಿನಪುಡಿ ಹಾಕುವುದನ್ನೇ ಮರೆತಿದ್ದೆ ಎಂಬುದನ್ನು ಹೇಳಿಲ್ಲ.

ಆವತ್ತಿನಿಂದ ನನಗೆ ಬಿಡುಗಡೆ ಇಲ್ಲ. ನಿಂತುಕೊಂಡು ಬನ್ನು ತಿಂದರೆ ಕೆಂಚ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹೋಗಿ ಮಣೆಯ ಹತ್ತಿರ ಮಲಗುತ್ತದೆ. ಊರಿಡೀ ನಂಬಿದ ನನ್ನ 'ಆಯ್ತು' ಅದರ ಹತ್ತಿರ ಮಾತ್ರ ನಡೆಯುವುದಿಲ್ಲ.

ನಿನ್ನೆ ಸಂಜೆ ನಾಗರತ್ನಕ್ಕ ಗೇಟಿನಲ್ಲಿ ಎಂದಿನಂತೆ ಕೇಳಿದರು. ನನ್ನ ಬಾಯಿಂದ "ಇಲ್ಲ" ಎಂದು ಬಂದುಬಿಟ್ಟಿತು. ಅವರು ಗಾಬರಿಯಾದರು, ಪಾಪ, ಆ ಉತ್ತರಕ್ಕೆ ಸಿದ್ಧರಾಗಿರಲಿಲ್ಲ. ಆದರೂ ಸಾವರಿಸಿಕೊಂಡು, "ಹಂಗಾದ್ರೆ ಬನ್ನಿ, ಇಲ್ಲೇ ಉಣ್ಣಿ. ನಾನೂ ಒಬ್ಳೇ ಇದೀನಿ" ಎಂದರು.

"ಇಲ್ಲಕ್ಕಾ, ಮನೇಲಿ ಕಾಯ್ತಿದಾರೆ."

"ಯಾರು ಬಂದಿದಾರೆ?" ಎಂದು ಅವರು ಕತ್ತು ಚಾಚುವಷ್ಟರಲ್ಲಿ ನಾನು ಬೀಗ ತೆಗೆದು ಒಳಗೆ ಸೇರಿಯಾಗಿತ್ತು. ಅವರು 'ನಾನೂ ಒಬ್ಳೇ' ಎಂದದ್ದು ನಿಜವಾಗಿ ಕಿವಿಗೆ ಬಿದ್ದದ್ದು ಅನ್ನ ಕಲಸುವಾಗ. ವಿಡಿಯೋದ ಆ ಮನುಷ್ಯ ಹೇಳಿದ ಎರಡು ವಿದ್ಯೆಗಳಲ್ಲಿ ಕೂರುವುದನ್ನು ನಾನು ಕಲಿತಿದ್ದೇನೆ. ಕರೆದರೆ ಬರುವುದು ಇನ್ನೂ ಬಾಕಿ ಇದೆ.