ಬಿಚ್ಚದೆ ಕೊಟ್ಟ ತೀರ್ಪು

ತ್ರಾಸಿಯ ಗೋವರ್ಧನನಿಗೆ ಸಿಟ್ಟು ಬಂದದ್ದು ಮಗಳ ಲ್ಯಾಪ್‌ಟಾಪ್ ಸತ್ತಿದ್ದಕ್ಕಲ್ಲ. ಕೆಡುವುದು ಯಂತ್ರಧರ್ಮ. ಇಪ್ಪತ್ತೆಂಟು ವರ್ಷ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಸಿಟ್ಟು ನೆತ್ತಿಗೇರಿದ್ದು ಕುಂದಾಪುರದ ರಿಪೇರಿ ಅಂಗಡಿಯ ಸುಜಿತ್ ಕೊಟ್ಟ ತೀರ್ಪಿಗೆ. ‘ಬೋರ್ಡ್ ಹೋಗಿದೆ, ಬದಲಾಯಿಸಬೇಕು’ ಎಂದನಂತೆ. ಬಿಚ್ಚಿ ನೋಡಿದನೇ? ಇಲ್ಲವಂತೆ. ಹೊರಗಿನಿಂದಲೇ ಕಂಡು ಹೇಳಿದನೆಂದು ಮಗಳು ಚಂದನಾ ಸುದ್ದಿ ತಂದಳು.

“ಬಿಚ್ದೆ ಹ್ಯಾಂಗ್ ಗೊತ್ತಾಯ್ತ್ ಅವ್ನಿಗೆ? ಅವ್ನೆಂತ ಜೋಯ್ಸ್ರಾ?”

“ಜೋಯ್ಸ್ರಾದ್ರೂ ಕವಡೆ ಹಾಕಿ ಕಾಂತ್ರ್,” ಎಂದಳು ಹೆಂಡತಿ ಪುಷ್ಪ, ಬಂಗುಡೆ ಕೊಯ್ಯುತ್ತ.

ಬೋರ್ಡ್ ಬದಲಾಯಿಸಿದರೆ ಯಂತ್ರವೇನೋ ಬದುಕುತ್ತದೆ. ಆದರೆ ಈ ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಒಳಗಿಟ್ಟದ್ದನ್ನೆಲ್ಲ ಕಾಪಾಡುವ ಚಿಪ್ಪನ್ನೂ ಅದೇ ಬೋರ್ಡಿಗೆ ಬೆಸೆದಿದ್ದರು. ಬೋರ್ಡ್ ಹೋದರೆ ಎಲ್ಲವೂ ಹೋಯಿತು. ಒಳಗಿದ್ದದ್ದು ಮೂವತ್ತೇಳು ಮೀನು ಮಾರುವ ಹೆಂಗಸರ ದನಿ. ಚಂದನಾ ಕಾಲೇಜಿನ ಪ್ರಾಜೆಕ್ಟಿಗೆಂದು ಆರು ತಿಂಗಳು ಮಾರ್ಕೆಟ್ಟು, ಬಂದರು ಸುತ್ತಿ ದಾಖಲಿಸಿಕೊಂಡದ್ದು. (ಮೊಬೈಲಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿಬಿಟ್ಟಿದ್ದಳು. ಇನ್ನೊಂದು ಪ್ರತಿ ಮಾಡಿಡುವ ಬುದ್ಧಿ ಮನುಷ್ಯನಿಗೆ ಕಳಕೊಂಡ ಮೇಲೆಯೇ ಬರುವುದು.) ಒಪ್ಪಿಸಬೇಕಾದದ್ದು ಸೋಮವಾರ. ಅಂದು ಶನಿವಾರ.

ಗೋವರ್ಧನ ಬೆಳಿಗ್ಗೆಯೇ ಬಸ್ಸು ಹತ್ತಿ ಅಂಗಡಿಗೆ ಹೋದ. ಐದಾರು ಗಿರಾಕಿಗಳಿದ್ದರು, ಒಳ್ಳೆಯದೇ ಆಯಿತು. ಧರ್ಮಯುದ್ಧಕ್ಕೆ ಸಾಕ್ಷಿಗಳು ಬೇಕು.

“ಹ್ವಾಯ್, ಒಂದ್ ಬೋಟ್ ಸ್ಟಾರ್ಟ್ ಆತಿಲ್ಲೆ ಅಂದ್ರೆ ನಾವ್ ಎಂಜಿನ್ ಎತ್ತಿ ಸಮುದ್ರಕ್ಕೆ ಬಿಸಾಡುದಿಲ್ಲೆ. ಡೀಸೆಲ್ ಬತ್ತಾ, ಕರೆಂಟ್ ಬತ್ತಾ, ಒಂದೊಂದೇ ಕಾಂತೊ. ನಿಮ್ಗ್ ನಾಕ್ ಸ್ಕ್ರೂ ತೆಗುಕೂ ಉದಾಸಿನ. ಕಾಣ್ದೇ ‘ಸತ್ತೋಯ್ತ್’ ಅಂದ್ ಹೇಳುಕೆ ನಿಮ್ಗ್ ನಾಚ್ಕಿ ಆತಿಲ್ಯಾ?”

ಸುಜಿತ್ ಬಾಯಿ ತೆರೆದ, ಏನೋ ನೆನಪಾದವನಂತೆ ಮುಚ್ಚಿದ. ತಲೆ ತಗ್ಗಿಸಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಕೊಟ್ಟ. ಕಳ್ಳರು ತಲೆ ತಗ್ಗಿಸುವುದು ಹೀಗೆಯೇ ಎಂದು ಗೋವರ್ಧನ ದಾರಿಯುದ್ದಕ್ಕೂ ಪಕ್ಕದ ಸೀಟಿನವನಿಗೆ ವಿವರಿಸಿದ.

ಮಧ್ಯಾಹ್ನ ಚಾವಡಿಯಲ್ಲಿ ಮೈ ಒರೆಸುವ ಬೈರಾಸು ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಚಾರ್ಜರಿನ ತುದಿಗೆ ಮಲ್ಟಿಮೀಟರಿನ ಕಡ್ಡಿ ಇಟ್ಟ. ಕರೆಂಟು ಸರಿಯಾಗಿಯೇ ಬರುತ್ತಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಚಾರ್ಜರಿನ ದೀಪ ಆರಿತು. ತೆಗೆದ, ಉರಿಯಿತು. ಚುಚ್ಚಿದ, ಆರಿತು.

“ಕಂಡ್ಯಾ ಹೆಣ್ಣೆ? ಬೋರ್ಡ್ ಸತ್ತಿಲ್ಲೆ. ಒಳಗ್ ಎಲ್ಲೋ ಶಾರ್ಟ್ ಆಯಿ ಕರೆಂಟ್ ನುಂಗ್ತಿತ್. ಇದ್ನ್ ಕಂಡ್ ಹಿಡಿಯುಕೆ ಬಿಚ್ಚುದೂ ಬ್ಯಾಡ, ಕಣ್ಣಿದ್ರೆ ಸಾಕ್.”

ಚಂದನಾ ಗೋಡೆ ನೋಡುತ್ತಿದ್ದಳು.

ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯ ವೈರು ಬಿಡಿಸಿದ. ಬೋರ್ಡಿನ ಮೇಲೆ ಹಳದಿ ಜಿಡ್ಡು ಕೆನೆಗಟ್ಟಿತ್ತು. ಗೋವರ್ಧನನ ನ್ಯಾಯಪೀಠ ಕುಂದಾಪುರದಿಂದ ಎದ್ದು ಅಡುಗೆಮನೆಗೆ ಬಂತು.

“ಇದೆಂತ ಇದ್? ಮೀನ್ ಹುರ್ದ್ ಎಣ್ಣೆ ಅಲ್ದಾ? ಲ್ಯಾಪ್‌ಟಾಪ್ ಒಲೆ ಹತ್ರ ಇಡ್ಬೇಡಿ ಅಂದ್ ಎಷ್ಟ್ ಸಲ ಹೇಳುದ್?”

“ನಾನ್ ಮೀನ್ ಹುರುದ್ ಬಾಣ್ಲಿಯಗೆ, ಕಂಪ್ಯೂಟ್ರಗಲ್ಲ.”

“ಹಾಂಗಾರೆ ಇದ್ ಆಕಾಶ್ದಿಂದ ಬಿತ್ತಾ? ಈ ಮನೆಯಗೆ ಒಂದ್ ಸಾಮಾನಿನ್ ಮೇಲಾದ್ರೂ ಯಾರಿಗಾದ್ರೂ ಜಾಗ್ರತೆ...”

ಇಷ್ಟು ಹೇಳುವಾಗ ಜಿಡ್ಡು ಅವನ ಹೆಬ್ಬೆರಳು, ತೋರುಬೆರಳಿನ ನಡುವೆ ಇತ್ತು. ಉಜ್ಜಿದ. ಮೂಸಿದ. ಮೀನೆಣ್ಣೆ ಹೀಗೆ ನೂಲಿನಂತೆ ಎಳೆಯಾಗುವುದಿಲ್ಲ. ಹೀಗೆ ಕಬ್ಬಿಣದ ಪುಡಿ ತರಿತರಿಯಾಗಿ ಕೈಗೆ ಸಿಗುವುದಿಲ್ಲ. ಇದು ಅವನದೇ ಡಬ್ಬದ ಗ್ರೀಸು.

ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಸಮುದ್ರಕ್ಕಿಳಿಯುವುದಿಲ್ಲ. ಆಗ ಉಪ್ಪುಗಾಳಿ ಎಂಜಿನ್ನನ್ನು ತಿನ್ನಬಾರದೆಂದು ನಟ್ಟುಬೋಲ್ಟಿಗೆಲ್ಲ ಗ್ರೀಸು ಬಳಿದಿಡುವುದು ಬಂದರಿನ ಪದ್ಧತಿ. ಕಳೆದ ಜುಲೈಯಲ್ಲಿ ಅವನ ಕೈಗೆ ಸ್ಕ್ರೂ ಇದ್ದದ್ದು ಏನು ಸಿಕ್ಕಿದರೂ ಬಿಟ್ಟಿರಲಿಲ್ಲ. ಚಂದನಾ ಬಸ್ರೂರಿಗೆ ನೆಂಟರ ಮನೆಗೆ ಹೋದ ದಿನ ಇದಕ್ಕೂ ಅದೇ ಉಪಚಾರ ನಡೆದಿತ್ತು. ಪ್ರೀತಿಯಿಂದಲೇ.

“ಜಾಗ್ರತೆ ಎಂತ?” ಎಂದಳು ಪುಷ್ಪ.

“ಉಪ್ಪುಗಾಳಿ ಜಾಸ್ತಿ ಈ ವರ್ಷ,” ಎಂದ ಗೋವರ್ಧನ.

ಮೀಟರಿನ ಒಂದು ಕಡ್ಡಿಯನ್ನು ಕರೆಂಟು ಒಳಬರುವ ದಾರಿಗೂ ಇನ್ನೊಂದನ್ನು ಸ್ಕ್ರೂವಿಗೂ ಮುಟ್ಟಿಸಿದ. ಕುಂಯ್ಯೆಂದು ಕೂಗಿತು. ಶಾರ್ಟ್ ಅಲ್ಲೇ ಇದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ರವೆಯಷ್ಟು ಸಣ್ಣ ಬಿಡಿಭಾಗಗಳ ಸಂದಿಸಂದಿಯಲ್ಲೂ ತಿಕ್ಕಿದ. ಐದು ಸಲ ತಿಕ್ಕಿದಾಗಲೂ ಕೂಗಿತು. ಆರನೆಯ ಸಲ ಎರಡು ರವೆಗಳ ನಡುವಿನಿಂದ ಕಬ್ಬಿಣದ ಪುಡಿಯ ಕರಿ ಗೆರೆಯೊಂದು ಕಿತ್ತು ಬಂತು. ಮೀಟರು ಮೌನವಾಯಿತು. ಒಣಗಿಸಿ, ವೈರು ಸಿಕ್ಕಿಸಿ, ಚಾರ್ಜರು ಚುಚ್ಚಿದ. ದೀಪ ಆರಲಿಲ್ಲ. ಪರದೆ ಬೆಳಗಿತು. ಚಂದನಾ ದಾಖಲಿಸಿದ್ದ ದನಿಗಳಲ್ಲಿ ಒಂದನ್ನು ಒತ್ತಿದಳು. ಚಾವಡಿಯಲ್ಲಿ ಯಾವಳೋ ಬಾಯಿಬಡುಕಿ ಅಂಜಲ್ ಮೀನಿನ ಹೆಸರಿನಲ್ಲಿ ಗಿರಾಕಿಯ ಜನ್ಮ ಜಾಲಾಡಿದಳು.

ಮೂವತ್ತೇಳು ಹೆಂಗಸರೂ ಕ್ಷೇಮವಾಗಿದ್ದರು. ಪುಷ್ಪ ಗಂಡನನ್ನು ಹೆಮ್ಮೆಯಿಂದ ನೋಡಿದಳು. ಮದುವೆಯಾದ ಮೇಲೆ ಇಂಥ ನೋಟ ಎರಡನೆಯ ಸಲ ಸಿಕ್ಕಿದ್ದು. ಅದನ್ನು ಸುಮ್ಮನೆ ಜೇಬಿಗಿಳಿಸಿದ್ದರೆ ಆಗುತ್ತಿತ್ತು. ಆದರೆ ಊರಿಗೆಲ್ಲ ನ್ಯಾಯ ಹೇಳುವವನಿಗೆ ತನ್ನ ಗಂಟಲಲ್ಲೇ ಮುಳ್ಳು ಸಿಕ್ಕಿದರೆ ನುಂಗಲಾಗದು.

“ಮಗಾ, ಆ ಗ್ರೀಸ್ ಹಚ್ದವ್ನ್ ನಾನೇ,” ಎಂದ.

“ಗೊತ್ತಿತ್ತ್ ಅಪ್ಪಯ್ಯ.”

“ಹ್ಯಾಂಗೆ?”

“ಸುಜಿತಣ್ಣ ನನ್ ಎದುರೇ ಬಿಚ್ಚಿ ತೋರ್ಸಿದ್ರ್. ಇಷ್ಟ್ ಗ್ರೀಸ್ ಯಾರ್ ಹಚ್ಚಿದ್ದ್, ಇದ್ನ ತೊಳುಕ್ ಆಪುದಲ್ಲ, ಬೋರ್ಡೇ ಬದ್ಲ್ ಮಾಡ್ಕ್ ಅಂದ್ರ್. ನಿಮ್ಗ್ ಬೇಜಾರಾತ್ತ್ ಅಂದ್ ನಾನೇ ಕೈ ಮುಗ್ದ್ ಹೇಳ್ದೆ, ಅಪ್ಪಯ್ಯ ಬಂದ್ರೆ ಬಿಚ್ಚಲಿಲ್ಲೆ ಅಂದೇ ಹೇಳಿ ಅಂದ್.”

ಗೋವರ್ಧನನಿಗೆ ಐದಾರು ಗಿರಾಕಿಗಳ ಮುಖ ಒಂದೊಂದಾಗಿ ಕಂಡಿತು. ಪಕ್ಕದ ಸೀಟಿನವನದೂ. ಅವನು ಅಂಗಿ ಹಾಕಿಕೊಂಡು ಕೊಡೆಗೆ ಕೈಹಾಕಿದ.

“ಎಲ್ಲಿಗೆ?” ಎಂದಳು ಪುಷ್ಪ. ಅವಳ ನೋಟದ ಹೆಮ್ಮೆ ಆಗಲೇ ಲೆಕ್ಕಾಚಾರಕ್ಕಿಳಿದಿತ್ತು.

“ಕುಂದಾಪ್ರಕ್ಕೆ. ಆ ಮಾಣಿ ಹತ್ರ ತಪ್ಪಾಯ್ತ್ ಅಂದ್ ಹೇಳಿ ಬತ್ತೆ. ಎಲ್ರ ಎದುರೇ ಹೇಳ್ತೆ.”

“ಹಾಂಗಾರೆ ನಮ್ಮನಿ ಮಿಕ್ಸಿ? ಅದ್ ನಿಂತಾಗ್ಳೂ ನೀವ್ ಮಿಕ್ಸಿ ಅಂಗ್ಡಿಗ್ ಹೋಯಿ ಬೈದ್ ಬಂದ್ರಿ, ಅಲ್ದಾ?”

ಗೋವರ್ಧನ ಚಪ್ಪಲಿ ಹುಡುಕಿದ.

“ಅದ್ ದಾರಿಯಗೇ ಸಿಕ್ಕತ್ತ್.”

“ಫ್ಯಾನ್?”

“ಅವ್ರ್ ಬೈಂದೂರಗೆ. ನಾಳೆ ಹೋತೆ.”