ಮೊಳಕಾಲ್ಮೂರಿಗೆಲ್ಲ ದೊಡ್ಡ ದುಡಿಮೆಗಾರ

ನುಂಕೆಮಲೆ ಸಿದ್ದಪ್ಪನಾಣೆ, ಈಗ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾನು ಮೊಳಕಾಲ್ಮೂರಿನ ರೇಷ್ಮೆ ನೇಕಾರ, ಮಗ್ಗ ಬಿಟ್ಟು ಏಳುವವನೇ ಅಲ್ಲ. ಇಂಥ ಪ್ರಸಂಗಗಳೇ ಆಗಾಗ ಬಂದು ನನ್ನನ್ನು ಎಬ್ಬಿಸುತ್ತವೆ.

೧. ಚಳ್ಳಕೆರೆಯ ಭಾಷಣ

ಬೆಂಗಳೂರಿನಿಂದ ಒಬ್ಬ ಸಾಹೇಬರು ಚಳ್ಳಕೆರೆಗೆ ಬಂದರು. ಜನ ಮೈಬಗ್ಗಿಸಿ ದುಡಿಯದಿದ್ದರೆ ದೇಶ ಉದ್ಧಾರವಾಗದು ಎಂದು ಊರೂರಿಗೆ ಹೇಳುವುದೇ ಅವರ ನೌಕರಿ. ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವ ಮನೆಗೆ ಒಂದು ಹೊಸ ಮಗ್ಗ ಇನಾಮು ಎಂದು ಡಂಗುರ ಹೊಡೆಸಿದ್ದರು. ಹಗ್ಗ ಎಳೆದರೆ ಲಾಳಿ ತಾನೇ ಓಡುವ ಮಗ್ಗ! ಅದು ನನ್ನ ಮನೆಗೇ ಬರಬೇಕು ಅಂತ ನಾನು ಚಳ್ಳಕೆರೆವರೆಗೂ ಹೋಗಿ ಭಾಷಣಕ್ಕೆ ಎಲ್ಲರಿಗಿಂತ ಮುಂದೆಯೇ ನಿಂತೆ.

ಬೇವಿನ ಮರದಡಿ ಕಂಬಳಿ ನೇಯುವ ಅಜ್ಜನೊಬ್ಬ, ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಸಿ, ಕೋಲು ಹಿಡಿದು ಕೂತಿದ್ದ. ಯಾಕಯ್ಯಾ ಸುಮ್ಮನೆ ಕೂತಿದ್ದೀಯ ಎಂದು ಸಾಹೇಬರು ಗದರಿದರು. ಗಂಜಿ ಒಣಗೋವರೆಗೂ ಕಾಯೋದೇ ಕೆಲಸ ಎಂದ ಅಜ್ಜ. ಕಾಯುವುದು ಕೆಲಸವಲ್ಲ ಎಂದು ಅವನನ್ನು ಕೈಹಿಡಿದು ಕರೆತಂದು ಎದುರಿಗೆ ಕೂರಿಸಿಕೊಂಡು, ಜಪಾನಿನವರು ಅರೆಗಳಿಗೆಯೂ ಕೂರುವುದಿಲ್ಲವೆಂದು ಸಾಹೇಬರು ಬಹಳ ಹೊತ್ತು ವಿವರಿಸಿದರು. ಚಪ್ಪಾಳೆ ಬೀಳುವ ಹೊತ್ತಿಗೆ ಆಡುಗಳು ಗಂಜಿಯನ್ನೆಲ್ಲ ನೆಕ್ಕಿ, ನೂಲಿಗೆ ಬಾಯಿ ಹಾಕಿದ್ದವು.

ಅಜ್ಜ ಕೈಮುಗಿದು ಕೇಳಿದ: "ಸ್ವಾಮಿ, ಜಪಾನಿನಾಗೆ ಆಡು ಇಲ್ವಾ?"

೨. ಅಮಾವಾಸ್ಯೆಯ ಸದ್ದು

ನಾನು ಮಗ್ಗಕ್ಕೆ ಕೂತರೆ ಲಾಳಿಯ ಗಾಳಿಗೆ ಪಕ್ಕದ ಮನೆಯ ದೀಪ ಆರುತ್ತಿತ್ತು. ಆದರೂ ದಿನಕ್ಕೆ ಗೇಣುದ್ದವೇ ನೇಯುತ್ತಿದ್ದೆ. ಉಳಿದ ಹೊತ್ತೆಲ್ಲ ಅವರ ದೀಪ ಹಚ್ಚಿಕೊಡುವುದಕ್ಕೇ ಆಗುತ್ತಿತ್ತು.

ಅಮಾವಾಸ್ಯೆ ದಿನ ಮಾತ್ರ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಸಾಹೇಬರು ನಮ್ಮೂರಿಗೆ ಬಂದದ್ದೂ ಅವತ್ತೇ. ಬೀದಿ ತಣ್ಣಗಿದ್ದುದನ್ನು ಕಂಡು, ಯಾರಾದರೂ ತೀರಿಕೊಂಡರಾ ಎಂದು ವಿಚಾರಿಸಿದರು. ನಾನು ಒಳಗೆ ಓಡಿದೆ. ಮಗ್ಗ ಮುಟ್ಟಬಾರದು ನಿಜ, ಸದ್ದು ಮಾಡಬಾರದು ಅಂತ ಯಾವ ಹಿರಿಯರು ಹೇಳಿದ್ದಾರೆ? ಹೆಂಡತಿ ಕೈಗೆ ಒನಕೆ ಕೊಟ್ಟು ನವಣೆ ಕುಟ್ಟಲು ಹಚ್ಚಿದೆ. ದಡ್, ದಡ್, ದಡ್. ಹೊರಗೆ ನಿಂತ ಸಾಹೇಬರು, ಹಬ್ಬ ಹುಣ್ಣಿಮೆ ನೋಡದೆ ನೇಯುವ ಮನೆ ಒಂದಾದರೂ ಇದೆಯಲ್ಲ ಎಂದು ಹಿಗ್ಗಿ ಮುಂದೆ ಹೋದರು.

ಹೆಂಡತಿ ಬೆವರು ಒರೆಸಿಕೊಂಡು ಕೇಳಿದಳು: "ಏಮಯ್ಯಾ, ನೇಯ್ದಿದ್ದು ಸಾಕಾ, ಇನ್ನೂ ನೇಯ್ಲಾ?"

೩. ಇನಾಮು

ಮುಂದಿನ ಅಮಾವಾಸ್ಯೆಗೆ ಸಾಹೇಬರು ಮಗ್ಗವನ್ನು ಗಾಡಿಯ ಮೇಲೆ ಹೇರಿಸಿಕೊಂಡೇ ಬಂದರು. ಅಷ್ಟರಲ್ಲಿ ನನ್ನ ಉಪಾಯ ಬೀದಿಗೆಲ್ಲ ಹಬ್ಬಿತ್ತು. ಮನೆಮನೆಯಲ್ಲೂ ದಡ್ ದಡ್. ಹೊಟ್ಟಿನ ಧೂಳಿಗೆ ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ. ಎಲ್ಲರಿಗಿಂತ ಜೋರು ಸದ್ದು ನಮ್ಮದು. ಸಾಹೇಬರು ಸಂತೋಷ ತಡೆಯಲಾಗದೆ ಹಾರ ಹಿಡಿದು ಸೀದಾ ಒಳಗೇ ಬಂದುಬಿಟ್ಟರು.

ನಾನು ಒಂದು ಕೈ ತಲೆಗೆ ದಿಂಬಾಗಿಟ್ಟು, ಇನ್ನೊಂದರಲ್ಲಿ ಹೋಳಿಗೆ ಹಿಡಿದು ಮಲಗಿದ್ದೆ. ಅವರು ನನ್ನನ್ನು ನೋಡಿದರು, ಒನಕೆ ನೋಡಿದರು, ಅದನ್ನು ಹಿಡಿದಿದ್ದ ನನ್ನ ಹೆಂಡತಿಯನ್ನು ನೋಡಿದರು. ಮೇಲ್ವಿಚಾರಣೆ ನಂದೇ ಸ್ವಾಮಿ ಎಂದೆ. ಅವರು ಹಾರವನ್ನು ಅವಳ ಕೈಗಿತ್ತು, "ಈ ಮನೇಲಿ ದುಡಿಯೋರು ಯಾರು ಅಂತ ತಿಳೀತು. ಮಗ್ಗ ಈ ತಾಯಿಯದು" ಎಂದರು.

ಅಲ್ಲಿಗೆ ನಾನು ಹೆಂಡತಿಯ ಮಗ್ಗಕ್ಕೆ ಕೂಲಿಯಾಳಾದೆ. ದಿನಕ್ಕೆ ಗೇಣು ನೇಯುತ್ತಿದ್ದವನು ಮೊಳ ನೇಯತೊಡಗಿದೆ. ದೇಶ ಉದ್ಧಾರವಾದದ್ದು ಹಾಗೆ. ಅಮಾವಾಸ್ಯೆಯಾದರೂ ಬಂತಲ್ಲ ಅಂತ ಚಾಪೆ ಬಿಡಿಸಿದರೆ ಅವಳು ಅಡ್ಡ ನಿಂತಳು.

"ರಜ ಮಗ್ಗಕ್ಕೆ, ನಿನಗಲ್ಲ. ಹಿಡಿ ಒನಕೆ."

ಹೇಳಿದ್ದಿಷ್ಟರಲ್ಲಿ ಒಂದು ಚೂರು ಮಾತ್ರ ನಾನು ಕಟ್ಟಿ ಹೇಳಿದ್ದು: ಅವತ್ತು ನನ್ನ ಕೈಯಲ್ಲಿದ್ದದ್ದು ಹೋಳಿಗೆಯಲ್ಲ, ತಂಗಳು ರೊಟ್ಟಿ.