ತೀರ್ಥರು ಹುಲ್ಲು ಹಿಂಡಿದ್ದು

ವಿಷ್ಣುತೀರ್ಥರ ತಲೆಗೆ ಒಂದು ಐಡಿಯಾ ಬಂತು ಎಂದರೆ ಅವರ ಮೈಲಾಪೂರಿನ ಫ್ಲಾಟಿನ ಅಟ್ಟಕ್ಕೆ ಒಂದು ಡಬ್ಬ ಬಂತು ಎಂದೇ ಅರ್ಥ. ಹೊಟ್ಟೆ ಕರಗಿಸುವ ಬೆಲ್ಟು ಹಾಗೇ ಬಂದು ಮೇಲೆ ಹೋಗಿತ್ತು (ಹೊಟ್ಟೆ ಮಾತ್ರ ಕೆಳಗೇ ಉಳಿಯಿತು). ಚಪಾತಿ ಮಾಡುವ ಯಂತ್ರ ಬಂದಿತ್ತು. ಅದರಲ್ಲಿ ಚಪಾತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಿತ್ತು, ಮುಖ್ಯವಾಗಿ ಜಗಳ. ಸೋಯಾ ಹಾಲಿನ ಯಂತ್ರದ ಮಾತು ಎತ್ತದಿರುವುದೇ ಒಳ್ಳೆಯದು. ನವರಾತ್ರಿಗೆ ಬೊಂಬೆಯ ಪೆಟ್ಟಿಗೆ ಇಳಿಸಬೇಕಾದರೆ ಮೊದಲು ಇವನ್ನೆಲ್ಲ ಇಳಿಸಬೇಕು. ಹೀಗಾಗಿ ಪ್ರತಿವರ್ಷ ಬೊಂಬೆಗಳಿಗಿಂತ ಮುಂಚೆ ತೀರ್ಥರ ಐಡಿಯಾಗಳ ಪ್ರದರ್ಶನವೊಂದು ತಪ್ಪದೆ ನಡೆಯುತ್ತಿತ್ತು, ಅವರ ಹೆಂಡತಿ ಸುಮತಿಯ ವೀಕ್ಷಕ ವಿವರಣೆಯ ಸಮೇತ.

ಸುಮತಿ ಮೈಸೂರಿನ ಹೆಣ್ಣು. ಬೊಂಬೆ ಹಬ್ಬ ಅಂದರೆ ಅವಳಿಗೆ ಪ್ರಾಣ. ಪಟ್ಟದ ಬೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕೆಳಗೆ ನೆಲದಲ್ಲಿ ಮಣೆ ಹಾಕಿ ಅದರ ಮೇಲೆ ಒಂದು ಪಾರ್ಕು ಮಾಡುತ್ತಿದ್ದಳು. ಮಣ್ಣಿನ ಆನೆ, ಜಿರಾಫೆ, ಜಿಂಕೆ, ಕನ್ನಡಿಯ ಕೊಳ ಎಲ್ಲ ಇತ್ತು. ಇಲ್ಲದ್ದು ಹುಲ್ಲೊಂದೇ. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹರಡಿಕೊಂಡು, 'ಒಂದು ವರ್ಷವಾದರೂ ನಿಜವಾದ ಹುಲ್ಲು ಹಾಕಬೇಕು ರೀ' ಎಂದು ವರ್ಷ ವರ್ಷ ಹೇಳುವಳು. ತೀರ್ಥರು ಪೇಪರಿನ ಹಿಂದಿನಿಂದ ವರ್ಷ ವರ್ಷ 'ಹೂಂ' ಅನ್ನುವರು. ಹಬ್ಬಕ್ಕೆ ಅವರು ಕೊಡುತ್ತಿದ್ದ ಸಹಾಯ ಅಷ್ಟೇ.

ಈ ಸಲದ ಐಡಿಯಾ ಹುಟ್ಟಿದ್ದು ನಾಗೇಶ್ವರರಾವ್ ಪಾರ್ಕಿನಲ್ಲಿ. ವಿಮಾ ಕಂಪನಿಯಲ್ಲಿ ಇದ್ದಷ್ಟು ದಿನ ಊರಿಗೆಲ್ಲ ಸಾವಿನ ಭಯ ಹುಟ್ಟಿಸಿ ಪಾಲಿಸಿ ಮಾರಿದ ಮನುಷ್ಯನಿಗೆ, ನಿವೃತ್ತಿಯಾದ ಮೇಲೆ ತನ್ನದೇ ಭಯ ಹತ್ತಿಕೊಂಡಿತ್ತು. ಡಾಕ್ಟರು ಬೇರೆ 'ಸಕ್ಕರೆ ಗಡಿಯಲ್ಲಿದೆ, ಸೊಪ್ಪು ಜಾಸ್ತಿ ತಿನ್ನಿ' ಎಂದುಬಿಟ್ಟಿದ್ದರು. ಪಾರ್ಕಿನ ಗೇಟಿನಲ್ಲಿ ಬೆಳಿಗ್ಗೆ ಹೊತ್ತು ಗರಿಕೆಯ ರಸ ಮಾರುತ್ತಾರೆ. ಊರಿನ ತಮಿಳು ಬಾಯಲ್ಲಿ ಅರುಗಂಪುಲ್ ಜ್ಯೂಸು. ತೀರ್ಥರು ಅದನ್ನು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಾಗ ವಾಕಿಂಗ್ ಗೆಳೆಯ, ರೈಲ್ವೆಯ ರಾಮದಾಸರು ಪಕ್ಕದಲ್ಲಿ ನಿಂತು ಕಿವಿಯೂದಿದರು.

"ಇವರು ಯಾವ ನೀರು ಹಾಕ್ತಾರೋ ಏನೋ ತೀರ್ಥರೇ. ಇದಕ್ಕಿಂತ ಗೋಧಿಹುಲ್ಲು ಬೆಸ್ಟ್ ಅಂತೆ. ಮನೇಲೇ ಬೆಳ್ಕೊಂಡು ಮನೇಲೇ ಹಿಂಡ್ಕೊಂಡು ಕುಡಿದ್ರೆ ರಾಜಯೋಗ."

ತೀರ್ಥರು ಅಲ್ಲೇ, ಆ ಗ್ಲಾಸು ಕೈಯಲ್ಲಿರುವಾಗಲೇ, ವಾಕಿಂಗ್ ಬಳಗಕ್ಕೆಲ್ಲ ಘೋಷಣೆ ಹೊರಡಿಸಿದರು. "ನವರಾತ್ರಿ ಮೊದಲನೇ ದಿನ ನಿಮಗೆಲ್ಲ ನಮ್ಮನೆ ಹುಲ್ಲಿನ ರಸ. ಪಾರ್ಕಿಗೇ ತಂದು ಕೊಡ್ತೀನಿ!"

ಮನೆಗೆ ಬಂದವರೇ ಮೊಬೈಲ್ ಹಿಡಿದು ಕೂತರು. ಕೂತವರು ಏಳಲಿಲ್ಲ. ಜ್ಯೂಸರ್ ಪ್ರಪಂಚ ಇಷ್ಟು ಅಗಾಧವಾದದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಗಿರಗಿರ ತಿರುಗುವ ಜಾತಿ ಒಂದು, ನಿಧಾನವಾಗಿ ಅಗಿಯುವ ಜಾತಿ ಒಂದು, ಕೈಯಲ್ಲೇ ತಿರುಗಿಸುವ ಜಾತಿ ಇನ್ನೊಂದು. ಅವುಗಳ ಭಕ್ತರು ಒಬ್ಬರನ್ನೊಬ್ಬರು ಬೈದುಕೊಳ್ಳುವುದು ನೋಡಿದರೆ ಇದು ಅಡುಗೆಮನೆಯ ವಿಷಯವೋ ಮತತ್ರಯದ ವಾದವೋ ತಿಳಿಯುತ್ತಿರಲಿಲ್ಲ. ಕೊನೆಗೆ ತೀರ್ಥರು ಸಿದ್ಧಾಂತಕ್ಕೆ ಬಂದರು.

"ಸುಮತಿ, ಸೊಪ್ಪಿಗೆ, ಹುಲ್ಲಿಗೆ ಅಗಿಯೋ ಮಿಷನ್ನೇ ಆಗ್ಬೇಕು. ಅದು ಹಸು ಥರ. ಆತುರ ಇಲ್ಲ. ನಿಧಾನವಾಗಿ ಮೆಲುಕು ಹಾಕಿ ರಸ ಬಿಡುತ್ತೆ."

"ಹಾಗಿದ್ರೆ ಹಸುನೇ ತನ್ನಿ. ಹಾಲಾದ್ರೂ ಕೊಡುತ್ತೆ."

"ನಿನಗೆ ವಿಜ್ಞಾನ ಗೊತ್ತಾಗಲ್ಲ."

"ನಂಗೆ ಅಟ್ಟ ಗೊತ್ತು," ಎಂದಳು ಸುಮತಿ. "ಈಗ್ಲೇ ಹೇಳಿದೀನಿ. ಇದೂ ಅಟ್ಟ ಹತ್ತಿದ್ರೆ ಜೊತೇಲಿ ನೀವೂ ಹತ್ತಿ. ನಾನು ಏಣಿ ತೆಗೆದುಬಿಡ್ತೀನಿ."

ಮಗಳು ಕೃತಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ತನ್ನ ತಮಿಳಿನಲ್ಲಿ, "ಅಪ್ಪಾ, ಮೊದಲ್ಲ ಪುಲ್ಲು ವಳರಟ್ಟುಂ" ಎಂದಳು. ಮೊದಲು ಹುಲ್ಲು ಬೆಳೀಲಿ ಅಂತ. ಮಾತು ನ್ಯಾಯವಾಗಿತ್ತು, ಆದ್ದರಿಂದ ತೀರ್ಥರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಮತಿಗೆ ತಾಂಬೂಲದ ಜೊತೆ ಕೊಡಲು ಸಣ್ಣಪುಟ್ಟ ಸಾಮಾನು ಬೇಕಿತ್ತು. ಇಬ್ಬರೂ ಸೌಕಾರ್‌ಪೇಟೆಗೆ ಹೋದರು. ಕುಂಕುಮದ ಬಟ್ಟಲುಗಳ ಅಂಗಡಿಯ ಪಕ್ಕದಲ್ಲೇ ಮಿಕ್ಸಿ, ಗ್ರೈಂಡರುಗಳ ಅಂಗಡಿ. ಅಲ್ಲಿಯ ಸೇಠು ಒಂದು ಕಟ್ಟು ಪಾಲಕ್ ಸೊಪ್ಪು ತರಿಸಿ ಪ್ರಯೋಗ ಶುರುಮಾಡಿದ. ಗಿರಗಿರನೆ ತಿರುಗುವ ಜಾತಿಗೆ ಹಾಕಿದರೆ ಅದು ವಿಮಾನದ ಹಾಗೆ ಸದ್ದು ಮಾಡಿ, ಸೊಪ್ಪನ್ನು ಒಳಗೋಡೆಗೆಲ್ಲ ಮೆತ್ತಿಕೊಂಡು, ಅರ್ಧ ಚಮಚ ನೊರೆ ಕೊಟ್ಟಿತು. ಕೈಯಲ್ಲಿ ತಿರುಗಿಸುವುದನ್ನು ನೋಡಿ ಸುಮತಿ, "ಇದು ನಮ್ಮಜ್ಜಿ ಶ್ಯಾವಿಗೆ ಒರಳಲ್ವಾ?" ಎಂದಳು. ತೀರ್ಥರು ಅದನ್ನು ನಾಲ್ಕು ಸುತ್ತು ತಿರುಗಿಸಿ, ಭುಜ ಹಿಡಿದುಕೊಂಡು, ಅದು ತಾಂತ್ರಿಕವಾಗಿ ಹಿಂದುಳಿದದ್ದು ಎಂದು ತೀರ್ಪು ಕೊಟ್ಟರು. ಅಗಿಯುವ ಯಂತ್ರ ಮಾತ್ರ ಸೊಪ್ಪನ್ನು ಸದ್ದಿಲ್ಲದೆ ಒಳಗೆಳೆದುಕೊಂಡು, ಒಂದು ಮೂತಿಯಿಂದ ದಟ್ಟ ಹಸಿರು ರಸವನ್ನೂ ಇನ್ನೊಂದು ಮೂತಿಯಿಂದ ಒಣಗಿದ ಹಸಿರು ಚರಟವನ್ನೂ ಬಿಟ್ಟಿತು.

ತೀರ್ಥರು ರಸದ ಕಡೆ ಬಗ್ಗಿದರು. ಸುಮತಿ ಚರಟವನ್ನು ಬೆರಳಲ್ಲಿ ಉದುರಿಸಿ ನೋಡಿ, "ಎಷ್ಟು ಪುಡಿಪುಡಿಯಾಗಿ ಬಂದಿದೆ!" ಎಂದಳು.

"ಅದು ಕಸ. ನೋಡ್ಬೇಕಾದ್ದು ರಸ," ಎಂದರು ತೀರ್ಥರು. ಈ ಮಾತನ್ನು ಅವರು ಆಮೇಲೆ ಬಹಳ ಸಲ ನೆನೆಸಿಕೊಳ್ಳಬೇಕಾಯಿತು.

ಯಂತ್ರ ಮನೆಗೆ ಬಂತು. ಮಾರನೆಯ ದಿನ ತೀರ್ಥರು ಗೋಧಿ ಹುಡುಕಿಕೊಂಡು ಹೊರಟರು. ಅಂಗಡಿಯಲ್ಲೆಲ್ಲ ಹಿಟ್ಟೇ ಸಿಗುವ ಕಾಲ. ಕಾಳು ಸಿಕ್ಕುವಷ್ಟರಲ್ಲಿ ಅವರ ಚಪ್ಪಲಿ ಸವೆದಿತ್ತು. ಚೀಲವನ್ನು ಹೆಂಡತಿಯ ಮುಂದಿಟ್ಟು ಹೇಳಿದರು:

"ಸುಮತಿ, ಈ ಗೋಧಿ ನೆನೆಸಿ ಟ್ರೇನಲ್ಲಿ ಬಿತ್ತಿಬಿಡು. ಹಬ್ಬದ ಮೊದಲನೇ ದಿನಕ್ಕೆ ಹುಲ್ಲು ರೆಡಿ ಇರ್ಬೇಕು. ಪಾರ್ಕಿಗೆ."

ಸುಮತಿ ಚೀಲ ನೋಡಿದಳು, ಗಂಡನ ಮುಖ ನೋಡಿದಳು. "ಪಾರ್ಕಿಗೆ? ನಿಮಗೆ ನೆನಪಿತ್ತಾ?"

"ನೆನಪಿಲ್ದೆ ಏನು? ಎಷ್ಟು ದಿನದಿಂದ ಅದೇ ಯೋಚನೆ."

(ಬೊಂಬೆ ಕೂರಿಸುವ ಮನೆಯಲ್ಲಿ ನವರಾತ್ರಿ ಹತ್ತಿರವಾದಾಗ ಪಾರ್ಕ್ ಅಂದರೆ ಒಂದೇ ಪಾರ್ಕು. ವಾಕಿಂಗ್ ಹೋಗುವ ಗಂಡಸಿನ ತಲೆಯಲ್ಲೂ ಪಾರ್ಕ್ ಅಂದರೆ ಒಂದೇ ಪಾರ್ಕು. ಕಷ್ಟ ಏನೆಂದರೆ ಎರಡೂ ಬೇರೆ ಬೇರೆ.)

ಅವತ್ತು ತೀರ್ಥರಿಗೆ ಊಟಕ್ಕೆ ಮಜ್ಜಿಗೆಹುಳಿಯ ಜೊತೆ ಕೇಳದೆಯೇ ಆಂಬೊಡೆ ಬಂತು. ಊಟವಾದ ಮೇಲೆ ಸುಮತಿ ಮೈಸೂರಿನ ಅಕ್ಕ ಜಯಲಕ್ಷ್ಮಮ್ಮನಿಗೆ ಫೋನ್ ಮಾಡಿ, "ಇವರೇ ಅಂಗಡಿ ಅಂಗಡಿ ಅಲೆದು ಗೋಧಿ ತಂದ್ರು ಕಣೇ ಅಕ್ಕ, ನಾನು ಬಾಯಿಬಿಟ್ಟು ಕೇಳ್ದೇನೇ," ಎಂದು ಹೇಳುತ್ತಿದ್ದದ್ದು ಅವರ ಕಿವಿಗೂ ಬಿತ್ತು. ಕೊನೆಗೂ ತಮ್ಮ ಆರೋಗ್ಯದ ಕಾಳಜಿಗೆ ಮನೆಯಲ್ಲಿ ಬೆಲೆ ಬಂತಲ್ಲ ಎಂದು ತೀರ್ಥರ ಕಣ್ಣೂ ಒದ್ದೆಯಾಯಿತು.

ಸುಮತಿ ಆ ಗೋಧಿಯನ್ನು ಸಾಕಿದ ರೀತಿಯೇ ರೀತಿ. ಬಾಲ್ಕನಿಯಲ್ಲಿ ಟ್ರೇಗಳ ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿ ಪಾರಿವಾಳಗಳಿಂದ ಕಾದಳು. ಹೊತ್ತು ಹೊತ್ತಿಗೆ ನೀರು ಚಿಮುಕಿಸಿದಳು. ಅಮಾವಾಸ್ಯೆಯ ಸಂಜೆ ಮೆಟ್ಟಿಲ ಮೇಲೆ ಬೊಂಬೆಗಳನ್ನೆಲ್ಲ ಕೂರಿಸಿ, ಗಂಡನನ್ನು ಕೈಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ತೋರಿಸಿದಳು.

"ನೋಡಿ! ಬೆಳಿಗ್ಗೆ ಪಾರ್ಕಿಗೆ ರೆಡಿ. ಎಲ್ರೂ ಮೂಗಿನ ಮೇಲೆ ಬೆರಳಿಡ್ಬೇಕು."

"ಇಟ್ಟೇ ಇಡ್ತಾರೆ. ನಿನ್ನ ಕೈಗುಣ," ಎಂದರು ತೀರ್ಥರು, ಮನಸಾರೆ.

ಬೆಳಕು ಹರಿಯುವ ಹೊತ್ತಿಗೆ, ಅವಳು ಸ್ನಾನಕ್ಕೆ ಹೋಗಿದ್ದಾಗ, ಅವರು ಕತ್ತರಿ ಹಿಡಿದು ಬಾಲ್ಕನಿಗೆ ಇಳಿದರು. ಪಾಪ, ಅವಳಿಗೆ ತೊಂದರೆ ಯಾಕೆ ಎಂಬ ಸದುದ್ದೇಶ. ಟ್ರೇಗಳ ಹುಲ್ಲನ್ನೆಲ್ಲ ಬುಡಮಟ್ಟ ಕತ್ತರಿಸಿ, ತೊಳೆದು, ಯಂತ್ರಕ್ಕೆ ಉಣ್ಣಿಸಿದರು. ಅಷ್ಟು ಹುಲ್ಲಿಗೆ ಬಂದ ರಸ ಫ್ಲಾಸ್ಕಿನ ತಳ ಮುಚ್ಚುವಷ್ಟು ಮಾತ್ರ. ಪಾರ್ಕಿನ ಬಳಗಕ್ಕೆ ಗ್ಲಾಸಿನಲ್ಲಿ ಕೊಟ್ಟರೆ ಇಬ್ಬರಿಗೂ ಸಾಲದು ಎಂದು ದೇವರಮನೆಯಿಂದ ಉದ್ಧರಣೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೊರಟರು. ಅಲ್ಲಿ ಬೆಂಚಿನ ಪಕ್ಕ ಸಾಲಾಗಿ ನಿಂತವರ ಅಂಗೈಗೆ ಒಂದೊಂದು ಉದ್ಧರಣೆ ಹಾಕಿದರು. ರಾಮದಾಸರು ಸೊರ್ರೆಂದು ಕುಡಿದು, ಅಭ್ಯಾಸಬಲದಿಂದ ಒದ್ದೆ ಕೈಯನ್ನು ಬೋಳುತಲೆಗೆ ಒರೆಸಿಕೊಂಡು, "ಹೆಸರಿಗೆ ತಕ್ಕ ಹಾಗೆ ತೀರ್ಥ ಕೊಟ್ರಿ ತೀರ್ಥರೇ!" ಎಂದರು. ಅವರ ತಲೆ ಹಸಿರಾಗಿ ಹೊಳೆಯಿತು. ತೀರ್ಥರು ಜೀವನದಲ್ಲಿ ಮೊದಲ ಸಲ ಒಂದು ಯಂತ್ರ ತಂದು ಗೆದ್ದಿದ್ದರು. ದಾರಿಯುದ್ದಕ್ಕೂ ಹಾಡು ಗುನುಗಿಕೊಂಡೇ ಮನೆಗೆ ಬಂದರು.

ನಡುಮನೆಯಲ್ಲಿ ಬೊಂಬೆಗಳ ಮುಂದೆ ಸುಮತಿ ಕೂತಿದ್ದಳು. ತೊಡೆಯ ಮೇಲೆ ಬೋಳಾದ ಟ್ರೇ, ಕೈಯಲ್ಲಿ ಮಣ್ಣಿನ ಜಿಂಕೆ.

"ರೀ, ಹುಲ್ಲೆಲ್ಲಿ?"

"ಪಾರ್ಕಿಗೆ ಹೋಯ್ತಲ್ಲ!"

"ಯಾವ ಪಾರ್ಕಿಗೆ?"

ತೀರ್ಥರು ಬಾಯಿ ತೆರೆದರು. ಕಣ್ಣು ಜಿಂಕೆಯ ಮೇಲೆ ಬಿತ್ತು. ಅಲ್ಲಿಂದ ಆನೆಯ ಮೇಲೆ, ಜಿರಾಫೆಯ ಮೇಲೆ, ಬರಿಯ ಮಣೆಯ ಮೇಲಿದ್ದ ಕನ್ನಡಿಯ ಕೊಳದ ಮೇಲೆ ಬಿತ್ತು.

"ಈ ಜಿಂಕೆ ಏನು ಮೇಯ್ಬೇಕು? ನೀವೇ ಮೇದುಬಿಟ್ರಲ್ಲಾ!"

ಕೃತಿ ನಗು ತಡೆಯಲಾರದೆ ರೂಮಿಗೆ ಓಡಿದಳು. ತೀರ್ಥರು ಬೈಗುಳಕ್ಕೆ ತಲೆಯೊಡ್ಡಿ ನಿಂತರು. ಬೈದಿದ್ದರೆ ಚೆನ್ನಾಗಿತ್ತು, ಅದು ಅವರಿಗೆ ಅಭ್ಯಾಸ. ಸುಮತಿ ಬೈಯಲಿಲ್ಲ. ಜಿಂಕೆಯನ್ನು ಸೆರಗಿನಲ್ಲಿ ಒರೆಸುತ್ತ, "ಮದುವೆಯಾದಾಗಿಂದ ಒಂದು ಸಲ ನನ್ನ ಬೊಂಬೆ ನೆನಪಾಯ್ತಲ್ಲ ಇವರಿಗೆ ಅಂದ್ಕೊಂಡಿದ್ದೆ. ಅಕ್ಕನ ಹತ್ರ ಬೇರೆ ಹೇಳ್ಕೊಂಡೆ," ಎಂದಳು. ದನಿ ಸಣ್ಣಗಿತ್ತು.

ಆ ಆಂಬೊಡೆ ಯಾವ ಬಾಬ್ತಿನದು ಎಂದು ತೀರ್ಥರಿಗೆ ಈಗ ಅರ್ಥವಾಯಿತು. ತಾನು ಎಂಥ ದಡ್ಡ ಎಂದು ಅವರಿಗೆ ನಿಜವಾಗಿ ನಾಚಿಕೆಯಾಯಿತು.

"ಪ್ಲಾಸ್ಟಿಕ್ ಹುಲ್ಲು ಸಿಗುತ್ತೆ, ಈಗ್ಲೇ ಹೋಗಿ..."

"ಬೇಡ."

"ಮರದ ಹೊಟ್ಟು..."

"ಬೇಡಾಂದ್ರೆ ಬೇಡ. ಸಂಜೆ ಜನ ಬರೋದ್ರೊಳಗೆ ನನಗೆ ನಿಜವಾದ ಹುಲ್ಲು ಬೇಕು." ಸುಮತಿ ಮೂಗು ಏರಿಸಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಅಲ್ಲಿಂದಲೇ ಕೂಗು ಬಂತು. "ರೀ! ಮಿಷನ್ನಿನ ಕಸ ಚೆಲ್ಲಿಲ್ಲ ತಾನೇ?"

ಬಂದಾಗ ಅವಳ ಕೈಯಲ್ಲಿ ಯಂತ್ರದ ಬಟ್ಟಲಿತ್ತು. ಅದರಲ್ಲಿದ್ದ ಚರಟವನ್ನು ಮಣೆಯ ಮೇಲೆ ಉದುರಿಸಿ ಬೆರಳಲ್ಲಿ ಹರಡಿದಳು. ಕನ್ನಡಿಯ ಕೊಳದ ಸುತ್ತ ಹಚ್ಚನೆಯ ಹುಲ್ಲುಹಾಸು ಎದ್ದು ಬಂತು. ಜಿಂಕೆಯನ್ನು ಅದರ ಮೇಲೆ ನಿಲ್ಲಿಸಿ ತಲೆ ಓರೆ ಮಾಡಿ ನೋಡಿದಳು. ಅವಳ ಮುಖ ಅರಳಿತು. ಆದರೆ ಹುಲ್ಲು ಜಿಂಕೆಗಷ್ಟೇ ಸಾಕಾಯಿತು. ಆನೆ, ಜಿರಾಫೆ ಇನ್ನೂ ಬರಿ ಮಣೆಯ ಮೇಲೆ ನಿಂತಿದ್ದವು.

"ಹೋಗಿ, ಮಾರ್ಕೆಟ್ಟಿಂದ ಸೊಪ್ಪು ತನ್ನಿ. ಎಷ್ಟು ಹೊರೋಕಾಗುತ್ತೋ ಅಷ್ಟು."

ಅರೆಕೀರೆ ಸೊಪ್ಪು, ಪಾಲಕ್, ನುಗ್ಗೆಸೊಪ್ಪು ಎಲ್ಲ ಬಂತು. ಯಂತ್ರ ಮಧ್ಯಾಹ್ನದವರೆಗೂ ಮೆಲುಕು ಹಾಕಿತು. ಒಂದು ಮೂತಿಯ ಕೆಳಗೆ ಚರಟಕ್ಕಾಗಿ ಸುಮತಿ ಬೆಳ್ಳಿಯ ತಟ್ಟೆ ಇಟ್ಟಳು. ಇನ್ನೊಂದು ಮೂತಿಯಿಂದ ರಸ ಪಾತ್ರೆಗಟ್ಟಲೆ ತುಂಬಿತು.

"ಇದೇನ್ ಮಾಡೋದು?" ಎಂದು ಮೆಲ್ಲನೆ ಕೇಳಿದರು ತೀರ್ಥರು.

"ಚೆಲ್ತಾರಾ ಯಾರಾದ್ರೂ? ಹಬ್ಬದ ದಿನ! ನೋಡ್ಬೇಕಾದ್ದು ರಸ ಅಂದೋರು ನೀವೇ ಅಲ್ವಾ? ಕುಡೀರಿ."

ಕುಡಿದರು. ನುಗ್ಗೆಸೊಪ್ಪಿನ ರಸ ಗಂಟಲಲ್ಲಿ ಇಳಿಯುವಾಗ ಅವರಿಗೆ ಪೂರ್ವಜನ್ಮದ ಪಾಪಗಳೆಲ್ಲ ಕಣ್ಣಿಗೆ ಕಟ್ಟಿದವು.

ಸಂಜೆ ಬಂದ ಹೆಂಗಸರು ಮೆಟ್ಟಿಲ ಮೇಲಿನ ಪಟ್ಟದ ಬೊಂಬೆಗಳನ್ನು ಬಿಟ್ಟು ಕೆಳಗಿನ ಪಾರ್ಕಿನ ಮುಂದೆಯೇ ಕೂತರು. 'ಇದೇನು ಹುಲ್ಲು, ಎಲ್ಲಿ ಸಿಗುತ್ತೆ' ಎಂದು ಮುಟ್ಟಿ ಮುಟ್ಟಿ ನೋಡಿದರು. ಸುಮತಿ ಉಸಲಿಯ ದೊನ್ನೆ ಹಂಚುತ್ತ, ಓರೆಗಣ್ಣಲ್ಲಿ ಗಂಡನನ್ನು ನೋಡಿ, "ಎಲ್ಲ ನಮ್ಮನೆಯವರ ಐಡಿಯಾ," ಎಂದಳು. ತೀರ್ಥರು ಉಬ್ಬಿದರು. ಯಂತ್ರ ಅಟ್ಟ ಹತ್ತುವುದಿಲ್ಲ, ತಾನೂ ಹತ್ತಬೇಕಾಗಿಲ್ಲ!

ಮಾರನೆಯ ಬೆಳಿಗ್ಗೆ ನೋಡಿದರೆ ಹುಲ್ಲುಹಾಸೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು. ಹಿಂಡಿದ ಸೊಪ್ಪು ಎಷ್ಟು ಹೊತ್ತು ಹಸಿರಾಗಿದ್ದೀತು?

"ದಿನಾ ಹೊಸದು ಹಾಕ್ಬೇಕು ಅಷ್ಟೇ," ಎಂದಳು ಸುಮತಿ ನಿರಾಳವಾಗಿ. "ವಿಜಯದಶಮಿವರೆಗೆ."

ಹಾಗಾದರೆ ರಸವೂ ದಿನಾ ಎಂದು ತೀರ್ಥರು ಲೆಕ್ಕ ಹಾಕುವಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ಕೆಳಗಿನ ಮನೆಯ ಮಾಧವಿ, ಎರಡು ಕೈತುಂಬ ಸೊಪ್ಪಿನ ಕಟ್ಟು. "ಆಂಟಿ, ನಮ್ಮ ಬೊಂಬೆ ಕೊಲುಗೂ ಕೊಂಚ ಹುಲ್ಲು ಮಾಡಿಕೊಡ್ತೀರಾ? ಚರಟ ನಮಗೆ ಸಾಕು. ಜ್ಯೂಸ್ ಅಂಕಲ್‌ಗೇ ಇರ್ಲಿ." ಅವಳ ಹಿಂದೆ ಮೆಟ್ಟಿಲಲ್ಲಿ ಎದುರುಮನೆಯ ನಮಿತಾ ನಿಂತಿದ್ದಳು, ಒಂದು ಚೀಲ ದಂಟಿನ ಸೊಪ್ಪು ಹಿಡಿದು.

ಸಂಜೆಯ ಹೊತ್ತಿಗೆ ತೀರ್ಥರು ಡೈನಿಂಗ್ ಟೇಬಲ್ಲಿನ ಮುಂದೆ, ಹಸಿರು ಮೀಸೆ ಹೊತ್ತು, ಮೂರು ಮನೆಯ ಪಾತ್ರೆಗಳನ್ನು ಎದುರಿಸುತ್ತ ಕೂತಿದ್ದರು. ಒಳಗೆ ಫೋನಿನಲ್ಲಿ ಸುಮತಿಯ ದನಿ ಖುಷಿಯಿಂದ ಕೇಳಿಸಿತು.

"ಹೂಂ ಕಣೇ ಅಕ್ಕ, ಈ ಸಲ ಹಬ್ಬಕ್ಕೆ ಇವರದೇ ಸಹಾಯ. ಬೆಳಿಗ್ಗೆ ಕೂತೋರು ಇನ್ನೂ ಎದ್ದಿಲ್ಲ, ಒಂದೇ ಸಮ ಕುಡೀತಾ ಇದಾರೆ ಪಾಪ."

ಮೈಸೂರಿನ ಕಡೆಯಿಂದ ಜಯಲಕ್ಷ್ಮಮ್ಮ ಕಿರುಚಿದ್ದು ಫೋನಿನಾಚೆಗೂ ಕೇಳಿಸಿತು. "ಅಯ್ಯೋ ರಾಮ! ಮನೇಲೇ ಕೂತ್ಕೊಂಡಾ? ನವರಾತ್ರೀಲಿ? ಈ ವಯಸ್ಸಲ್ಲಿ ಯಾರು ಕಲಿಸಿದ್ರೇ ಅವರಿಗೆ?"

ತೀರ್ಥರು ಹಾಗಲ್ಲ ಎಂದು ಕೂಗಿ ಹೇಳಬೇಕೆಂದುಕೊಂಡರು. ಬಾಯಿತುಂಬ ದಂಟಿನ ಸೊಪ್ಪಿನ ರಸವಿತ್ತು.

"ಇನ್ಯಾರು?" ಎಂದಳು ಸುಮತಿ. "ಪಾರ್ಕಿನ ಫ್ರೆಂಡ್ಸು."